ಕೊಕ್ಕರೆ, ಮಾನಮೋಡಿ, ರಾಣಿಖೇತ್

ಊರಿನಲ್ಲಿ ನಾವು ಅದನ್ನು ಕೊಕ್ಕರೆ ರೋಗ ಎನ್ನುತ್ತಿದ್ದೆವು. ಡೊಂಬಿವಲಿಗೆ ಬಂದ ಮೇಲೆ ಅದಕ್ಕೆ ಮರಾಠಿಯಲ್ಲಿ ‘ಮಾನಮೋಡಿ’ ಎಂಬ ಹೆಸರಿದೆ ಎಂದು ತಿಳಿಯಿತು. ಮಾನ ಎಂದರೆ ಕತ್ತು. ಕತ್ತು ಮುರಿಯುವ ರೋಗ. ಕೋಳಿ ಕತ್ತು ತಿರುಚಿಕೊಂಡು ಬೀಳುವುದನ್ನು ಕಂಡವರಿಗೆ ಈ ಹೆಸರನ್ನು ವಿವರಿಸಬೇಕಿಲ್ಲ. ಸರಕಾರಿ ಕಾಗದಗಳಲ್ಲಿ ಅದೇ ರಾಣಿಖೇತ್, ಹೊರ ಜಗತ್ತಿಗೆ ನ್ಯೂಕ್ಯಾಸಲ್.

1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯೂ ಕೋಳಿಗಳು ಹಿಂಡುಹಿಂಡಾಗಿ ಸತ್ತವು. ಮರುವರ್ಷ ಡಾಯ್ಲ್ ಎಂಬ ವಿಜ್ಞಾನಿ, ಇದು ಅದುವರೆಗೆ ಗೊತ್ತಿದ್ದ ‘ಕೋಳಿ ಪ್ಲೇಗ್’ ಅಲ್ಲ, ಬೇರೆಯದೇ ವೈರಸ್ಸು ಎಂದು ತೋರಿಸಿ, ತಾತ್ಕಾಲಿಕವಾಗಿ ಇರಲಿ ಎಂದು ಊರಿನ ಹೆಸರನ್ನೇ ಕೊಟ್ಟ. ಆ ತಾತ್ಕಾಲಿಕ ಹೆಸರೇ ಶಾಶ್ವತವಾಯಿತು. ಕುಮಾಊಂ ಬೆಟ್ಟಗಳ ರಾಣಿಖೇತಿನಲ್ಲಿ ಕಂಡ ರೋಗವನ್ನು ಮುಕ್ತೇಶ್ವರದ ಪ್ರಯೋಗಾಲಯದ ಎಡ್ವರ್ಡ್ಸ್ 1928ರಲ್ಲಿ ವರದಿ ಮಾಡಿದ. ಈ ಪ್ರಯೋಗಾಲಯ ಹುಟ್ಟಿದ್ದು ನಮಗೆ ಹತ್ತಿರದ ಪುಣೆಯಲ್ಲಿ, 1889ರಲ್ಲಿ. ನಾಲ್ಕು ವರ್ಷಗಳ ನಂತರ ಅದನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದರು.

1940ರ ದಶಕದಲ್ಲಿ ಅಲ್ಲಿನವರು ಇದೇ ವೈರಸ್ಸನ್ನು ಮೊಟ್ಟೆಯ ಭ್ರೂಣಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಮೆತ್ತಗಾಗಿಸಿದರು. ಆ ‘ಮುಕ್ತೇಶ್ವರ ತಳಿ’ಯ ಲಸಿಕೆ ಇಂದಿಗೂ ಬಳಕೆಯಲ್ಲಿದೆ. ಪೂರ್ತಿ ಮೆತ್ತಗಾಗಿಲ್ಲವಾದ್ದರಿಂದ ಅದನ್ನು ಎಳೆ ಮರಿಗೆ ಕೊಡುವುದಿಲ್ಲ. ಮರಿಗೆ ಮೊದಲ ವಾರದಲ್ಲಿ ‘ಎಫ್’ ಅಥವಾ ‘ಲಸೋಟಾ’, ದೊಡ್ಡದಾದ ಮೇಲೆ ಇದು.

ಒಂದೇ ವೈರಸ್ಸು ಒಂದು ಕಡೆ ಕೆಮ್ಮು ತರಿಸಿ ಹೋಗುತ್ತದೆ, ಇನ್ನೊಂದು ಕಡೆ ಇಡೀ ಶೆಡ್ಡನ್ನು ಖಾಲಿ ಮಾಡುತ್ತದೆ. ಯಾಕೆ? ಜೀವಕೋಶದೊಳಗೆ ನುಗ್ಗಲು ಈ ವೈರಸ್ಸಿಗೆ ‘ಎಫ್’ ಎಂಬ ಪ್ರೋಟೀನು ಬೇಕು. ಕೋಳಿಯ ದೇಹದ ಕಿಣ್ವವೊಂದು ಅದನ್ನು ಒಂದು ಜಾಗದಲ್ಲಿ ಕತ್ತರಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಸೌಮ್ಯ ತಳಿಯನ್ನು ಕತ್ತರಿಸುವ ಕಿಣ್ವಗಳು ಉಸಿರಾಟದ ನಾಳ ಮತ್ತು ಕರುಳಿನಲ್ಲಿ ಮಾತ್ರ ಇರುತ್ತವೆ. ಉಗ್ರ ತಳಿಯಲ್ಲಿ ಆ ಜಾಗದಲ್ಲಿ ಅರ್ಜಿನೈನ್, ಲೈಸಿನ್‌ಗಳು ಹೆಚ್ಚಿರುವುದರಿಂದ ದೇಹದ ಎಲ್ಲ ಅಂಗಗಳಲ್ಲೂ ಇರುವ ಕಿಣ್ವವೇ ಕತ್ತರಿಸಿಬಿಡುತ್ತದೆ. ರೋಗ ಮಿದುಳಿಗೂ ಹೋಗುತ್ತದೆ, ಕತ್ತು ತಿರುಚಿಕೊಳ್ಳುತ್ತದೆ.

ಈ ವ್ಯತ್ಯಾಸ ಎಷ್ಟು ಸಣ್ಣದು ಎಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. 1998ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಉಗ್ರ ರೋಗ ಕಾಣಿಸಿಕೊಂಡಿತು. ಅದು ಹೊರಗಿನಿಂದ ಬಂದದ್ದಲ್ಲ. ಅಲ್ಲಿಯೇ ಸಾಧುವಾಗಿ ಓಡಾಡಿಕೊಂಡಿದ್ದ ವೈರಸ್ಸಿನ ಹದಿನೈದು ಸಾವಿರ ಅಕ್ಷರಗಳ ಆನುವಂಶಿಕ ಬರಹದಲ್ಲಿ, ಈ ಕತ್ತರಿಸುವ ಜಾಗದ ಎರಡೇ ಅಕ್ಷರಗಳು ಬದಲಾಗಿದ್ದವು.

ಹಕ್ಕಿಜ್ವರದ ಎಚ್5 ವೈರಸ್ಸು ಬೇರೆ ಕುಲದ್ದು, ಆದರೆ ಉಪಾಯ ಇದೇ. ಕಾಡುಬಾತುಗಳಲ್ಲಿ ಅದು ಹೆಚ್ಚಾಗಿ ಸೌಮ್ಯವಾಗಿರುತ್ತದೆ. ಸಾವಿರಾರು ಕೋಳಿಗಳ ಒತ್ತಿನಲ್ಲಿ ಬದಲಾಗಿ ಉಗ್ರವಾಗುತ್ತದೆ. ಅದರ ಬರಹ ಎಂಟು ತುಂಡುಗಳಲ್ಲಿರುವುದರಿಂದ, ಒಂದೇ ಹಕ್ಕಿಗೆ ಎರಡು ತಳಿ ತಗುಲಿದರೆ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟುತ್ತದೆ.

ಭಾರತದಲ್ಲಿ ಎಚ್5ಎನ್1 ಮೊದಲು ದೃಢಪಟ್ಟದ್ದು ಮಹಾರಾಷ್ಟ್ರದ ನವಾಪುರದಲ್ಲಿ, 2006ರ ಫೆಬ್ರವರಿ 18ರಂದು. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿ ಕೇಂದ್ರದ ಟರ್ಕಿಗಳಿಗೆ ತಗುಲಿತು. 2022ರ ಫೆಬ್ರವರಿಯಲ್ಲಿ ನಮ್ಮ ಠಾಣೆ ಜಿಲ್ಲೆಗೇ ಬಂತು. ಶಹಾಪುರ ತಾಲೂಕಿನ ವೆಹಳೋಲಿಯ ಒಂದು ಫಾರ್ಮಿನಲ್ಲಿ ಸುಮಾರು ನೂರು ಕೋಳಿ ಸತ್ತವು. ಒಂದು ಕಿಲೋಮೀಟರ್ ಸುತ್ತಳತೆಯ ಸುಮಾರು 25 ಸಾವಿರ ಹಕ್ಕಿಗಳನ್ನು ಕೊಲ್ಲಲು ತೀರ್ಮಾನವಾಯಿತು. 2025ರ ಜನವರಿಯಲ್ಲಿ ನವಿ ಮುಂಬಯಿಗೆ ಅಂಟಿಕೊಂಡ ಉರಣದ ಚಿರ್ನೇರ್ ಊರಿನಿಂದ ಸುದ್ದಿ ಬಂತು. ಅಂಥ ವಾರಗಳಲ್ಲಿ ನಮ್ಮವರ ಹೋಟೆಲುಗಳಲ್ಲಿ ಕೋರಿ ರೊಟ್ಟಿ ಕೇಳುವವರು ಕಡಿಮೆಯಾಗುವುದನ್ನು ನಾನು ನೋಡಿದ್ದೇನೆ. ಚೆನ್ನಾಗಿ ಬೇಯಿಸಿದರೆ ವೈರಸ್ಸು ಉಳಿಯುವುದಿಲ್ಲ ಎಂದು ಹೇಳಿದರೂ ಗಿರಾಕಿ ತರಕಾರಿ ಕಡೆಗೇ ಕೈ ತೋರಿಸುತ್ತಾನೆ.

ಎಚ್5ಕ್ಕೆ ನಮ್ಮಲ್ಲಿ ಲಸಿಕೆ ಹಾಕುವುದಿಲ್ಲ, ಕೊಲ್ಲುವುದೇ ನೀತಿ. ಇದಕ್ಕೆ ಕಾರಣವಿದೆ. ಲಸಿಕೆ ಪಡೆದ ಕೋಳಿ ಸಾಯದೆ ಉಳಿಯಬಹುದು, ಆದರೆ ವೈರಸ್ಸನ್ನು ಹೊರಗೆ ಚೆಲ್ಲುತ್ತಲೇ ಇರಬಹುದು. ಹಂಗೇರಿಯ ಮಾರೆಕ್ 1907ರಲ್ಲಿ ವಿವರಿಸಿದ ಕೋಳಿ ರೋಗದಲ್ಲಿ ಹೀಗೇ ಆಯಿತು. ಲಸಿಕೆ ಬಂದ ಮೇಲೂ ವೈರಸ್ಸು ಹರಡುತ್ತಲೇ ಇತ್ತು, ತಲೆಮಾರಿನಿಂದ ತಲೆಮಾರಿಗೆ ಹೆಚ್ಚು ಉಗ್ರವೂ ಆಯಿತು. ಹೋಸ್ಟನ್ನು ಬೇಗ ಕೊಂದರೆ ಉಗ್ರ ತಳಿಯೂ ಅಲ್ಲೇ ಮುಗಿಯುತ್ತದೆ. ಲಸಿಕೆ ಜೀವ ಉಳಿಸಿದರೆ ಅದಕ್ಕೂ ದಾರಿ ಸಿಗುತ್ತದೆ. 2015ರ ಪ್ರಯೋಗವೊಂದು ಇದನ್ನು ತೋರಿಸಿತು. ಹಾಗೆಂದು ಲಸಿಕೆ ಬೇಡ ಎನ್ನಲಾಗದು: ರಾಣಿಖೇತ್ ಲಸಿಕೆ ಇಲ್ಲದಿದ್ದರೆ ಹಿತ್ತಿಲಿನ ಕೋಳಿಯೂ ಉಳಿಯುತ್ತಿರಲಿಲ್ಲ.

ಆದರೆ ಕೊಲ್ಲುವ ನೀತಿಯ ಲೆಕ್ಕ ಒಂದು ಕಡೆ ತಪ್ಪುತ್ತದೆ. ಪರಿಹಾರ ಸಿಗುವುದು ಸರಕಾರ ಕೊಂದ ಕೋಳಿಗೆ, ರೋಗದಿಂದ ಆಗಲೇ ಸತ್ತ ಕೋಳಿಗಲ್ಲ. ಬೇಗ ಹೇಳಲಿ ಎಂಬುದು ಉದ್ದೇಶ. ಸಾಲ ಮಾಡಿ ಶೆಡ್ಡು ಹಾಕಿದವನಿಗಾದರೋ, ಹೇಳಿದರೆ ಉಳಿದ ಕೋಳಿ ಹೋಗುತ್ತವೆ, ನೆರೆಯವರ ಕೋಳಿಯೂ ಹೋಗುತ್ತವೆ, ಪರಿಹಾರ ಬರುವುದು ಆಮೇಲೆ. ಆ ಎರಡು ದಿನ ಅವನು ಸುಮ್ಮನಿದ್ದರೆ ಸತ್ತ ಕೋಳಿ ಸಂತೆಗೋ ಗದ್ದೆಗೋ ಹೋಗುತ್ತದೆ, ವೈರಸ್ಸು ಜೊತೆಯಲ್ಲೇ. ಭೋಪಾಲದ ಪ್ರಯೋಗಾಲಯ ತಳಿಯನ್ನು ಅಕ್ಷರ ಅಕ್ಷರವಾಗಿ ಓದಬಲ್ಲದು. ಆದರೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು ನಾಲ್ಕು ಕೋಳಿ ಸತ್ತಿದ್ದನ್ನು ಕಂಡವನು ಬಾಯಿ ಬಿಟ್ಟ ಮೇಲೆ ಮಾತ್ರ. ಅವನು ಭಯವಿಲ್ಲದೆ ಬಾಯಿ ಬಿಡುವಂತಾದರೆ ಅದೂ ಒಂದು ಲಸಿಕೆಯೇ.