ಯೆರವಡಾದ ಮಡಿಗಳು: ದುಡಿಮೆ, ದಂಡನೆ, ಸ್ವಾತಂತ್ರ್ಯ

ಪುಣೆಯ ಯೆರವಡಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕಾರಾಗೃಹದ ಕಲ್ಲುಗೋಡೆಗಳೂ 1932ರ ಉಪವಾಸವೂ ನೆನಪಿಗೆ ಬರುವುದು ಸಹಜ. 1871ರಲ್ಲಿ ಕಟ್ಟಲಾದ ಆ ಸೆರೆಮನೆಯ ರಾಜಕೀಯ ಚರಿತ್ರೆಯನ್ನು ಹಲವರು ಬರೆದಿದ್ದಾರೆ. ಆದರೆ ಮಣ್ಣಿಗೂ ಒಂದು ಚರಿತ್ರೆಯುಂಟು. ಅಂಗೈಯಗಲದ ನೆಲದಲ್ಲಿ ಕಾಯಿಪಲ್ಲೆಯನ್ನೂ ಹೂವನ್ನೂ ಬೆಳೆಯುವ ಕೈ ಯಾರದು, ಫಲ ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆಗೆ ಯೆರವಡಾದಲ್ಲಿಯೂ ಅದರ ಆಸುಪಾಸಿನಲ್ಲಿಯೂ ದೊರೆತ ಉತ್ತರಗಳು ವಿಚಾರಯೋಗ್ಯವಾಗಿವೆ.

ಕನ್ನಡ ತೋಟಿಗನು ಮಡಿಯೆಂದು ಕರೆಯುವುದನ್ನು ಮರಾಠಿ ಮಾಳಿಯು ವಾಫಾ ಎನ್ನುತ್ತಾನೆ. ಏರುಮಡಿಯ ಅಗಲ ಸಾಮಾನ್ಯವಾಗಿ ನಾಲ್ಕು ಅಡಿಯನ್ನು ಮೀರದು. ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು, ಕಾಲು ಮಾತ್ರ ಮಣ್ಣನ್ನು ತುಳಿಯಬಾರದು. ಆಳವಾಗಿ ಅಗೆದು, ಕಳಿತ ಗೊಬ್ಬರ ಬೆರೆಸಿ, ನೆಲಮಟ್ಟದಿಂದ ಗೇಣುದ್ದ ಎತ್ತರಿಸಿದ ಮಣ್ಣಿನಲ್ಲಿ ಬೇರು ಕೆಳಮುಖವಾಗಿ ಇಳಿಯುವುದರಿಂದ ಗಿಡಗಳನ್ನು ಒತ್ತೊತ್ತಾಗಿ ಇಡಲು ಸಾಧ್ಯ. ಎಲೆಗಳ ನೆರಳು ಮಣ್ಣಿನ ತೇವವನ್ನು ಕಾಯುತ್ತದೆ, ಕಳೆಯನ್ನು ಅಡಗಿಸುತ್ತದೆ. ಮೆಂತ್ಯ ಕಿತ್ತ ಜಾಗಕ್ಕೆ ಮೂಲಂಗಿ, ಅಂಚಿಗೆ ಚೆಂಡುಹೂ, ಹೀಗೆ ಒಂದರ ಹಿಂದೆ ಒಂದು ಬೆಳೆ. ದಖ್ಖನಿನ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಬೇರಿನ ಉಸಿರು ಕಟ್ಟಿಸುತ್ತದೆ. ಆಗ ಏರುಮಡಿಯೇ ರಕ್ಷೆ. ಬೇಸಿಗೆಯಲ್ಲಿ ಅದೇ ಎತ್ತರ ಮಣ್ಣನ್ನು ಬೇಗ ಒಣಗಿಸುವುದರಿಂದ ತಗ್ಗಿನ ಪಾತಿಯೇ ಮೇಲು. ಇಂತಹ ತಿಳಿವಳಿಕೆಯನ್ನು ಗ್ರಂಥಸ್ಥಗೊಳಿಸುವ ಪರಂಪರೆ ಕನ್ನಡಕ್ಕೆ ಹೊಸತಲ್ಲ. ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಸೂಪಶಾಸ್ತ್ರಕ್ಕೂ ಸ್ಥಾನವಿದೆ, ಗಿಡದ ಆರೈಕೆ ಮತ್ತು ಅಡುಗೆ ಒಂದೇ ಗ್ರಂಥದಲ್ಲಿ ಬಂದಿರುವುದು ಅರ್ಥಪೂರ್ಣವಾಗಿದೆ.

ಸೆರೆಮನೆಯ ತೋಟದ ಹುಟ್ಟು ಬೇರೆ ಬಗೆಯದು. ಹತ್ತೊಂಬತ್ತನೆಯ ಶತಮಾನದ ಭಾರತೀಯ ಜೈಲುಗಳಲ್ಲಿ ಹಸಿ ಕಾಯಿಪಲ್ಲೆಯ ಅಭಾವದಿಂದ ಸ್ಕರ್ವಿ ರೋಗ ಕಾಣಿಸಿಕೊಳ್ಳುತ್ತಿತ್ತು. ಅದನ್ನು ತಡೆಯಲು, ಖರ್ಚನ್ನು ತಗ್ಗಿಸಲು, ಕೈದಿಯನ್ನು ದುಡಿಸಲು, ಮೂರಕ್ಕೂ ತೋಟ ಒದಗಿತು. ಲೆಕ್ಕದ ಪುಸ್ತಕದಲ್ಲಿ ಅದು ಉಳಿತಾಯ. ಗುದ್ದಲಿ ಹಿಡಿದವನ ಪಾಲಿಗೆ ದಂಡನೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಪ್ರಾಂತಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಯೆರವಡಾ ಕನ್ನಡಿಗರ ಸೆರೆಮನೆಯೂ ಆಗಿತ್ತು. ಹುಬ್ಬಳ್ಳಿಯಲ್ಲಿ ಸ್ತ್ರೀಯರ ಸಂಘಟನೆಗೆ ದುಡಿದ ಉಮಾಬಾಯಿ ಕುಂದಾಪುರ ಅವರು 1932ರಲ್ಲಿ ನಾಲ್ಕು ತಿಂಗಳು ಇಲ್ಲಿಯೇ ಬಂಧನದಲ್ಲಿದ್ದರು.

1930ರಲ್ಲಿ ಇದೇ ಸೆರೆಯಲ್ಲಿದ್ದ ಗಾಂಧೀಜಿಯವರು ಅದನ್ನು ‘ಯೆರವಡಾ ಮಂದಿರ’ವೆಂದು ಕರೆದು, ಪ್ರತಿ ಮಂಗಳವಾರ ಸಾಬರಮತಿ ಆಶ್ರಮಕ್ಕೆ ವ್ರತಗಳನ್ನು ಕುರಿತು ಪತ್ರ ಬರೆಯುತ್ತಿದ್ದರು. ಅವುಗಳಲ್ಲಿ ಒಂದು ಶರೀರಶ್ರಮವನ್ನು ಕುರಿತದ್ದು. ಉಣ್ಣುವವನು ಮೈಮುರಿದು ದುಡಿಯಬೇಕು, ಬೇಸಾಯವೇ ಅದರ ಆದರ್ಶರೂಪ, ಅದು ಸಾಧ್ಯವಾಗದಲ್ಲಿ ನೂಲುವುದು ಮೊದಲಾದ ಬೇರೆ ದುಡಿಮೆ, ಎಂಬುದು ಅದರ ಸಾರ. ಅವರು ಅಲ್ಲಿ ಹಿಡಿದದ್ದು ಚರಕವನ್ನು. ಆಗ ಜತೆಗಿದ್ದವರು ಕಾರವಾರದಲ್ಲಿ ಬಾಲ್ಯ ಕಳೆದ ಕಾಕಾ ಕಾಲೇಲ್ಕರರು. ಹಿಂಜುವ ಬಿಲ್ಲಿನ ತಂತಿಗೆ ಉಜ್ಜಲು ಬೇವಿನ ಎಲೆ ಬೇಕಾದಾಗ ಅವರು ಇಡೀ ಟೊಂಗೆಯನ್ನೇ ಮುರಿದು ತಂದರೆಂದೂ, ಬೇಕಾದಷ್ಟೇ ಎಲೆಯನ್ನು ಮರದ ಕ್ಷಮೆ ಬೇಡಿ ಕೀಳಬೇಕೆಂದು ಗಾಂಧೀಜಿ ಹೇಳಿದರೆಂದೂ ಅವರೇ ದಾಖಲಿಸಿದ್ದಾರೆ.

ಆದರೆ ಸ್ವಇಚ್ಛೆಯಿಂದ ದುಡಿಯುವವನ ವ್ರತವನ್ನು ಬಲವಂತಕ್ಕೆ ಒಳಗಾದವನ ದುಡಿಮೆಯೊಡನೆ ಸಮೀಕರಿಸಲಾಗದು. ಮಣ್ಣು, ಸಗಣಿ, ಮಲ ಇವುಗಳ ಕೆಲಸವನ್ನು ಹುಟ್ಟಿನಿಂದಲೇ ಕೆಲವರ ತಲೆಗೆ ಕಟ್ಟಿದ ಸಮಾಜವಿದು. ಜಾತಿಯು ದುಡಿಮೆಯ ವಿಭಜನೆಯಲ್ಲ, ದುಡಿಯುವವರ ವಿಭಜನೆ, ಎಂದು ಡಾ. ಅಂಬೇಡ್ಕರರು 1936ರಲ್ಲಿ ವಾದಿಸಿದರು. ಅವರ ಮತ್ತು ಗಾಂಧೀಜಿಯವರ ನಡುವಣ ವಿವಾದ ಒಪ್ಪಂದಕ್ಕೆ ಬಂದದ್ದು 1932ರ ಸೆಪ್ಟೆಂಬರ್ 24ರಂದು, ಇದೇ ಯೆರವಡಾದಲ್ಲಿ. ಕನ್ನಡದಲ್ಲಿ ‘ಮಡಿ’ ಎಂದರೆ ಗೊಬ್ಬರ ತುಂಬಿದ ಪಾತಿಯೂ ಹೌದು, ಮುಟ್ಟಲೊಲ್ಲದ ಶುಚಿಯೂ ಹೌದು. ಒಂದು ಕೈಗೆ ಮಣ್ಣು ಬೇಡುತ್ತದೆ, ಇನ್ನೊಂದು ಕೈಯನ್ನು ದೂರವಿಡುತ್ತದೆ. ಶರೀರಶ್ರಮದ ತತ್ತ್ವವನ್ನು ಪರೀಕ್ಷಿಸುವ ಒರೆಗಲ್ಲು ಈ ಎರಡು ಅರ್ಥಗಳ ನಡುವೆಯೇ ಇದೆ.

ಸೆರೆಮನೆಗೆ ಅನತಿದೂರದ ಆಗಾಖಾನ್ ಅರಮನೆಯೂ ಇದೇ ಚರಿತ್ರೆಗೆ ಸೇರುತ್ತದೆ. ಕ್ಷಾಮಪೀಡಿತರಿಗೆ ಕೂಲಿ ಒದಗಿಸಲೆಂದು 1892ರಲ್ಲಿ ಕಟ್ಟಿಸಿದ ಆ ಅರಮನೆ 1942ರಿಂದ 1944ರವರೆಗೆ ಗಾಂಧೀಜಿಯವರ ಬಂಧನಸ್ಥಾನವಾಯಿತು. 1942ರ ಆಗಸ್ಟ್ 15ರಂದು ಮಹಾದೇವ ದೇಸಾಯಿಯವರೂ 1944ರ ಫೆಬ್ರವರಿ 22ರಂದು ಕಸ್ತೂರಬಾ ಅವರೂ ಅಲ್ಲಿಯೇ ತೀರಿಕೊಂಡರು. ಅವರನ್ನು ದಹಿಸಿದ ಸ್ಥಳಕ್ಕೆ ಗಾಂಧೀಜಿ ದಿನವೂ ಹೋಗಿ ಹೂ ಅರ್ಪಿಸುತ್ತಿದ್ದರು.

ಕೈದಿಯ ಕೈಗೆ ಮಣ್ಣನ್ನು ನಂಬಿಕೆಯಿಂದ ಒಪ್ಪಿಸಿದ ಪ್ರಯೋಗ ನಡೆದದ್ದು ಔಂಧ್ ಸಂಸ್ಥಾನದಲ್ಲಿ. ವಿಜಾಪುರ ಸೀಮೆಯ ಗುಣದಾಳವೂ ಈ ಸಂಸ್ಥಾನಕ್ಕೆ ಸೇರಿತ್ತೆಂಬುದು ಕನ್ನಡಿಗರಿಗೆ ಗಮನಾರ್ಹ. 1939ರ ಸುಮಾರಿಗೆ ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಗೋಡೆಯಿಲ್ಲದ ಕೈದಿಗಳ ನೆಲೆ ಸ್ಥಾಪಿತವಾಯಿತು. ಇದರ ಹಿಂದೆ ನಿಂತವರಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಿದ್ದ ಪೋಲೆಂಡಿನ ಮಾರಿಸ್ ಫ್ರೀಡ್‌ಮನ್ ಒಬ್ಬರು. ತಾರುಣ್ಯದಲ್ಲಿ ಹುಬ್ಬಳ್ಳಿಯಲ್ಲಿ ಕೆಲಸಮಾಡಿದ ವಿ. ಶಾಂತಾರಾಮರು 1957ರ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರಕ್ಕೆ ಆಧಾರವಾಗಿ ತೆಗೆದುಕೊಂಡದ್ದು ಈ ಪ್ರಯೋಗವನ್ನೇ. ಅದರಲ್ಲಿ ಆರು ಜನ ಕೈದಿಗಳು ತಾವು ಬೆಳೆದ ಕಾಯಿಪಲ್ಲೆಯನ್ನು ಸಂತೆಗೆ ಒಯ್ಯುತ್ತಾರೆ. ಬೆಳೆ ಅವರದಾಗುವುದು ಆ ಗಳಿಗೆಯಲ್ಲಿ.

ಯೆರವಡಾದಲ್ಲಿಯೂ ಮುಂದೆ ಮುಕ್ತ ಕಾರಾಗೃಹ ಬಂದಿತು; ಕೈದಿಗಳು ಹೊಲದಲ್ಲಿ ದುಡಿಯತೊಡಗಿದರು. ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ತೀರ್ಪಿತ್ತಿತು. ಮಡಿಯ ಅಳತೆ ಎಲ್ಲ ಕಾಲಕ್ಕೂ ಒಂದೇ, ಮೊಳಕೆಯ ನಿಯಮವೂ ಒಂದೇ. ಬದಲಾದದ್ದು ಬಿತ್ತಿದವನಿಗೂ ಫಲಕ್ಕೂ ಇರುವ ಸಂಬಂಧ. ಸೆರೆಮನೆಯ ಚರಿತ್ರೆಯನ್ನು ಬರೆಯುವವರು ಅದರ ಗೋಡೆಯ ಎತ್ತರದೊಡನೆ ಈ ಸಂಬಂಧವನ್ನೂ ಅಳೆಯಬೇಕಾಗುತ್ತದೆ.