ಅರವತ್ತೇಳಕ್ಕೆ ಸಿಕ್ಕ ರಜೆ

1955ರ ಮೇ 3. ಅಮೆರಿಕದ ಜಾರ್ಜಿಯಾ ರಾಜ್ಯದ ಮೌಂಟ್ ಓಗಲ್‌ಥಾರ್ಪ್ ಅನ್ನೋ ಬೆಟ್ಟದಿಂದ 67 ವರ್ಷದ ಅಜ್ಜಿಯೊಬ್ಬಳು ಉತ್ತರಕ್ಕೆ ಮುಖ ಮಾಡಿ ನಡೆಯೋಕೆ ಶುರು ಮಾಡಿದಳು. ಕಾಲಿಗೆ ಮಾಮೂಲಿ ಕ್ಯಾನ್ವಾಸ್ ಶೂ, ಹೆಗಲಿಗೆ ತಾನೇ ಹೊಲಿದ ಡೆನಿಮ್ ಚೀಲ. ಟೆಂಟ್ ಇಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ. ಮಳೆ ಬಂದರೆ ಹೊದ್ದುಕೊಳ್ಳೋಕೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಹನ್ನೊಂದು ಮಕ್ಕಳ ತಾಯಿ. ಮಕ್ಕಳಿಗೆ ಅವಳು ಹೇಳಿದ್ದು ಇಷ್ಟೇ: ಸ್ವಲ್ಪ ನಡೆದಾಡಿ ಬರ್ತೀನಿ.

ಆ 'ಸ್ವಲ್ಪ' ಅಂದರೆ ಸುಮಾರು 3,300 ಕಿಲೋಮೀಟರ್. ಹದಿನಾಲ್ಕು ರಾಜ್ಯ ದಾಟಿ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದಲ್ಲಿ ಮುಗಿಯುವ ಅಪಲೇಚಿಯನ್ ಟ್ರೇಲ್. ಅಜ್ಜಿಯ ಹೆಸರು ಎಮ್ಮಾ ಗೇಟ್‌ವುಡ್.

ಈ ಕಾಲುದಾರಿ ಹುಟ್ಟಿದ್ದು ನಮ್ಮಂಥವರಿಗಾಗಿ ಅಂದರೆ ನಗಬೇಡಿ. ಬೆಂಟನ್ ಮೆಕೈ ಅನ್ನೋ ಅರಣ್ಯ ತಜ್ಞ 1921ರಲ್ಲಿ ಒಂದು ಲೇಖನ ಬರೆದ. ಪೂರ್ವ ಕರಾವಳಿಯ ದೊಡ್ಡ ದೊಡ್ಡ ಊರುಗಳಲ್ಲಿ ದುಡಿದು ಸುಸ್ತಾದ ಜನಕ್ಕೆ ಉಸಿರಾಡೋಕೆ ಬೆಟ್ಟಸಾಲಿನ ಉದ್ದಕ್ಕೂ ಒಂದು ದಾರಿ ಬೇಕು ಅನ್ನೋದು ಅವನ ವಾದ. ಸ್ವಯಂಸೇವಕರು ಕಾಡು ಕಡಿದು, ಗುರುತು ಬಳಿದು 1937ರ ಹೊತ್ತಿಗೆ ದಾರಿಯನ್ನ ಪೂರ್ತಿ ಮಾಡಿದರು. ಆದರೆ ಅಷ್ಟೂ ಉದ್ದ ಒಂದೇ ಏಟಿಗೆ ನಡೆಯೋದು ಆಗೋ ಮಾತಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1948ರಲ್ಲಿ ಅರ್ಲ್ ಶಾಫರ್ ಅನ್ನೋ ಮಾಜಿ ಸೈನಿಕ ನಡೆದು ತೋರಿಸಿದ. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಎಮ್ಮಾ ಹುಟ್ಟಿದ್ದು 1887ರಲ್ಲಿ, ಓಹಾಯೋದ ರೈತರ ಮನೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆ. ಗಂಡ ಹೊಡೆಯುತ್ತಿದ್ದ. ಬರೀ ಕೈ ಎತ್ತೋದಲ್ಲ, ಹಲ್ಲು ಉದುರುವ ಹಾಗೆ, ಪಕ್ಕೆಲುಬು ಮುರಿಯುವ ಹಾಗೆ. ಒಮ್ಮೆ ಅಂಥ ಜಗಳ ಆದಾಗ ಪೊಲೀಸರು ಹೊಡೆತ ತಿಂದವಳನ್ನೇ ಹಿಡಿದು ಜೈಲಿಗೆ ಹಾಕಿದರು. ಮನೆಯಲ್ಲಿ ಇರಲಾಗದೆ ಇದ್ದಾಗ ಅವಳು ಓಡಿಹೋಗುತ್ತಿದ್ದದ್ದು ಕಾಡಿಗೆ. ಮೂವತ್ತು ವರ್ಷಕ್ಕೂ ಮೀರಿ ಸಂಸಾರ ಎಳೆದ ಮೇಲೆ ವಿಚ್ಛೇದನ ಸಿಕ್ಕಿತು. ಆಮೇಲೂ ಮಕ್ಕಳು ದಡ ಸೇರಬೇಕಿತ್ತು. ಎಲ್ಲ ಮುಗಿಯುವಾಗ ಅರವತ್ತು ದಾಟಿತ್ತು.

ಆ ಹೊತ್ತಿಗೆ ಹಳೆಯ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಯೊಂದು ಕೈಗೆ ಸಿಕ್ಕಿತು. ಅದರಲ್ಲಿ ಈ ಟ್ರೇಲಿನ ಚಂದದ ಫೋಟೋಗಳು. 1954ರಲ್ಲಿ ಮೇಯ್ನ್ ಕಡೆಯಿಂದ ಹೊರಟಳು. ದಾರಿ ತಪ್ಪಿತು, ಕನ್ನಡಕ ಒಡೆಯಿತು, ಅರಣ್ಯ ಸಿಬ್ಬಂದಿ 'ಮನೆಗೆ ಹೋಗಮ್ಮಾ' ಅಂತ ವಾಪಸ್ ಕಳಿಸಿದರು. ಮರುವರ್ಷ ಇನ್ನೊಂದು ತುದಿಯಿಂದ ಶುರು ಮಾಡಿದಳು.

ಚೀಲದಲ್ಲಿ ಒಣದ್ರಾಕ್ಷಿ, ಬೀಜ, ಡಬ್ಬಿಯ ಸಾಸೇಜ್. ಜೊತೆಗೆ ದಾರಿಬದಿಯಲ್ಲಿ ಸಿಗೋ ಸೊಪ್ಪು. ಯಾವ ಸೊಪ್ಪು ತಿನ್ನಬಹುದು ಅಂತ ಹಳ್ಳಿ ಹೆಂಗಸಿಗೆ ಯಾರೂ ಹೇಳಿಕೊಡಬೇಕಿಲ್ಲ. ರಾತ್ರಿ ಸಿಕ್ಕವರ ಮನೆ ಬಾಗಿಲು ತಟ್ಟುತ್ತಿದ್ದಳು. ಕೆಲವರು ಊಟ ಹಾಕಿದರು, ಕೆಲವರು ಅಟ್ಟಿದರು. ದಿನಕ್ಕೆ ಸರಾಸರಿ 22 ಕಿಲೋಮೀಟರ್. ಸೆಪ್ಟೆಂಬರ್ 25ಕ್ಕೆ, 146ನೇ ದಿನ, ಕಟಾಡಿನ್ ತುದಿಯಲ್ಲಿ ನಿಂತಿದ್ದಳು. ಒಬ್ಬಂಟಿಯಾಗಿ ಇಡೀ ದಾರಿಯನ್ನ ಒಂದೇ ಸಲಕ್ಕೆ ಮುಗಿಸಿದ ಮೊದಲ ಹೆಂಗಸು.

ಪತ್ರಿಕೆಯವರು ಮುತ್ತಿಕೊಂಡಾಗ ಅವಳು ಟ್ರೇಲನ್ನ ಹಾಡಿ ಹೊಗಳಲಿಲ್ಲ, ಬೈದಳು. ಗುರುತುಗಳು ಮಾಸಿವೆ, ಬಿದ್ದ ಮರ ತೆಗೆದಿಲ್ಲ, ಅರ್ಧ ದಾರಿ ಪೊದೆಯೇ. ಹೀಗಂತ ಮೊದಲೇ ಗೊತ್ತಿದ್ದರೆ ಹೊರಡ್ತಾನೇ ಇರಲಿಲ್ಲ ಅಂದಳು. ಅಷ್ಟು ಬೈದವಳು 1957ರಲ್ಲಿ ಇಡೀ ದಾರಿಯನ್ನ ಇನ್ನೊಂದು ಸಲ ನಡೆದಳು! ಅವಳ ಮಾತು ಅಚ್ಚಾದ ಮೇಲೆ ದಾರಿಯ ರಿಪೇರಿ ಕಡೆ ಜನರ ಗಮನ ಹೋಯಿತು. 1959ರಲ್ಲಿ, 71ನೇ ವಯಸ್ಸಿಗೆ, ಹಳೆಯ ಆರೆಗಾನ್ ಟ್ರೇಲ್ ಹಿಡಿದು ಮಿಸೌರಿಯಿಂದ ಪೋರ್ಟ್‌ಲ್ಯಾಂಡ್ ತನಕ ಸುಮಾರು 3,200 ಕಿಲೋಮೀಟರ್. 1964ರಲ್ಲಿ ಮೂರನೇ ಸಲ ಅಪಲೇಚಿಯನ್, ಈ ಬಾರಿ ತುಂಡು ತುಂಡಾಗಿ.

ಹಳ್ಳಿಯಲ್ಲಿ ಬೆಳೆದ ನನಗೆ ಅವಳ ಕಾಲಿನ ಬಲ ಅಷ್ಟೇನೂ ಆಶ್ಚರ್ಯ ಹುಟ್ಟಿಸಲ್ಲ. ಸೌದೆ ಹೊರೆ ಹೊತ್ತು ಗುಡ್ಡ ಇಳಿಯುವ ಮುದುಕಿಯರನ್ನ ನೋಡಿಕೊಂಡೇ ಬೆಳೆದವರು ನಾವು. ಉಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೋಗೋರಲ್ಲೂ ತಲೆ ನರೆತವರು ಕಡಿಮೆ ಇಲ್ಲ. ಎಮ್ಮಾ ಹೊಲ, ಒಲೆ, ಬಾಣಂತನ ಎಲ್ಲ ಮಾಡಿದ ದೇಹ. ಕಾಲಿಗೆ ಬಲ ಮೊದಲಿಂದಲೂ ಇತ್ತು. ಇಲ್ಲದೇ ಇದ್ದದ್ದು ದಿನಗಳು. ತನ್ನವು ಅನ್ನಬಹುದಾದ ದಿನಗಳು ಅವಳಿಗೆ ಸಿಕ್ಕಿದ್ದೇ ಅರವತ್ತರ ಆಚೆ. ಅದಕ್ಕೇ ಇದನ್ನ 'ವಯಸ್ಸಾದರೂ ಫಿಟ್' ಅನ್ನೋ ಫಾರ್ವರ್ಡ್ ಮೆಸೇಜಿನ ಲೆಕ್ಕದಲ್ಲಿ ಓದೋಕೆ ನನಗೆ ಮನಸ್ಸು ಬರಲ್ಲ. ಸುಸ್ತಾದ ನಗರದವರಿಗೆ ಅಂತ ಮಾಡಿದ ದಾರಿಯಲ್ಲಿ, ಜೀವಮಾನದಲ್ಲಿ ಒಂದು ದಿನ ರಜೆ ಕಾಣದ ಹಳ್ಳಿ ಹೆಂಗಸೊಬ್ಬಳು ತನ್ನ ಪೂರ್ತಿ ಬಾಕಿ ರಜೆ ತೆಗೆದುಕೊಂಡಳು.

ಮಕ್ಕಳಿಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ಬೇಡ ಅನ್ನುತ್ತಿದ್ದರು. ಪತ್ರಿಕೆಗಳಲ್ಲಿ ಸುದ್ದಿ ಬರುತ್ತೆ ಅಂತಾದ ಮೇಲೆ ಮನೆಗೆ ಕಾರ್ಡ್ ಬರೆದಳು. ಮೂವತ್ತರ ಆಸುಪಾಸಿನಲ್ಲಿರೋ ನಾವು ಈ ಕಥೆಯಲ್ಲಿ ಅಜ್ಜಿಯ ಜಾಗದಲ್ಲಿ ಇಲ್ಲ, ಆ ಕಾರ್ಡ್ ಓದುವವರ ಜಾಗದಲ್ಲಿದ್ದೀವಿ. ಶನಿವಾರ ರಾತ್ರಿ ಬಸ್ಸು ಹತ್ತಿ ಕುಮಾರಪರ್ವತಕ್ಕೆ ಹೋಗುವವರೂ ನಾವೇ, 'ಅಮ್ಮಾ, ಮಂಡಿ ನೋವು ಬರುತ್ತೆ, ಸುಮ್ನೆ ಮನೇಲಿರು' ಅನ್ನುವವರೂ ನಾವೇ. ಅವಳಿಗೆ ಎಲ್ಲಿಗೆ ಹೋಗಬೇಕು ಅಂತ ಆಸೆ ಇದೆಯೋ, ಈ ವಾರ ಫೋನ್ ಮಾಡಿದಾಗ ಒಂದು ಮಾತು ಕೇಳಿ ನೋಡಿ.

ಎಮ್ಮಾ ತೀರಿಕೊಂಡದ್ದು 1973ರಲ್ಲಿ, 85ನೇ ವಯಸ್ಸಿಗೆ. ಓಹಾಯೋದ ಹಾಕಿಂಗ್ ಹಿಲ್ಸ್ ಕಾಡಿನಲ್ಲಿ ಒಂದು ಕಾಲುದಾರಿಗೆ ಈಗ ಅವಳ ಹೆಸರಿದೆ. 'ಗ್ರ್ಯಾಂಡ್‌ಮಾ ಗೇಟ್‌ವುಡ್ ಟ್ರೇಲ್'.