ಮೂಕಪ್ರಾಣಿಯ ಸಾಕ್ಷ್ಯ

ನಮ್ಮ ಲಕ್ಷ್ಮೇಶ್ವರದ ಶಂಖಬಸದಿಯನ್ನು ಕಂಡಾಗಲೆಲ್ಲ ಜನ್ನನ ‘ಯಶೋಧರಚರಿತೆ’ ನೆನಪಾಗುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪವೇ ಅಲ್ಲಿ ಜನ್ಮಾಂತರಗಳಲ್ಲಿ ಬೆನ್ನಟ್ಟುತ್ತದೆ. ಹಾಗಾದರೆ ಪ್ರಯೋಗಶಾಲೆಯ ಜೀವಂತ ಇಲಿಯ ನೋವಿಗೆ ಲೆಕ್ಕವಿಟ್ಟವರಾರು?

1936ರಲ್ಲಿ ಮಾಂಟ್ರಿಯಲ್ಲಿನ ಹಾನ್ಸ್ ಸೆಲ್ಯೆ ಇಲಿಗಳನ್ನು ಚಳಿ, ಗಾಯ, ಅತಿಶ್ರಮಗಳಿಗೆ ಒಡ್ಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಕಾರಣ ಯಾವುದೇ ಇರಲಿ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತಿತ್ತು. ಆ ಗ್ರಂಥಿ ಸ್ರವಿಸುವ ಕಾರ್ಟಿಕೋಸ್ಟೆರಾನ್ ಎಂಬ ಹಾರ್ಮೋನೇ ಮುಂದೆ ಇಲಿಯ ಒತ್ತಡದ ಅಳತೆಗೋಲಾಯಿತು. 1959ರಲ್ಲಿ ರಸೆಲ್ ಮತ್ತು ಬರ್ಚ್ ಪ್ರಯೋಗಪ್ರಾಣಿಗಳ ಯಾತನೆಯನ್ನು ತಗ್ಗಿಸಬೇಕೆಂದು ವಾದಿಸಿದರು. 1960ರ ನಮ್ಮ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ವಿಧಿಸಿತು.

ಆದರೆ ರಕ್ತ ತೆಗೆಯಲೆಂದು ಇಲಿಯನ್ನು ಹಿಡಿದರೆ, ಆ ಹಿಡಿತಕ್ಕೇ ನಿಮಿಷಗಳಲ್ಲಿ ಹಾರ್ಮೋನು ಏರುತ್ತದೆ. ಆದ್ದರಿಂದ ಹಿಕ್ಕೆಯಲ್ಲಿ ಅದರ ಅಂಶವನ್ನು ಅಳೆಯುವ ಕ್ರಮ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಂಡೀಪುರ, ಮುದುಮಲೆಗಳ ಕಾಡಾನೆಗಳನ್ನು ಮುಟ್ಟದೆ, ಲದ್ದಿಯನ್ನಷ್ಟೇ ಪರೀಕ್ಷಿಸಿ, ಮೈ ಇಳಿದ ಆನೆಗಳಲ್ಲಿ ಒತ್ತಡ ಹೆಚ್ಚೆಂದು 2017ರಲ್ಲಿ ತೋರಿಸಿದರು.

ಬೆದೆಗೂ ಓಟಕ್ಕೂ ಈ ಹಾರ್ಮೋನು ಏರುವುದುಂಟು; ಅಂಕಿಯೊಂದೇ ನೋವಲ್ಲ. ಪ್ರಾಣಿಯ ನಡೆ, ಮೇವು, ಮೈಕಟ್ಟುಗಳನ್ನೂ ಕಣ್ಣಿಟ್ಟು ನೋಡಬೇಕು. ಇಲಿ ತನ್ನ ಸಂಕಟದಿಂದ ನಮಗಿತ್ತ ಅರಿವನ್ನು ಅದರ ಸಂಕಟವನ್ನೇ ತಗ್ಗಿಸಲು ಬಳಸುವುದು ದಯೆಯಲ್ಲ, ಋಣಸಂದಾಯ.